ಉಲ್ಕಾವೃಷ್ಟಿ ಯಾವಾಗ, ಹೇಗೆ ನೋಡಬೇಕು?

ಪ್ರತಿ ವರ್ಷ ಬರುವ ಉಲ್ಕಾವೃಷ್ಟಿಯನ್ನು ಯಾವ ರಾತ್ರಿ ನೋಡಬೇಕು, ಟೆಲಿಸ್ಕೋಪ್ ಬೇಕಾ ಎಂದು ಕೇಳಿದ್ದೀರಿ. ಟೆಲಿಸ್ಕೋಪ್ ಬೇಡವೇ ಬೇಡ. ಅದರಲ್ಲಿ ಆಕಾಶದ ಒಂದು ಚೂರು ಮಾತ್ರ ಕಾಣುತ್ತದೆ, ಉಲ್ಕೆ ಎಲ್ಲಿ ಬೇಕಾದರೂ ಹಾಯಬಹುದು. ಬರಿಗಣ್ಣೇ ಸಾಕು.

ಒಂದೇ ರಾತ್ರಿ ಆರಿಸಿಕೊಳ್ಳುವುದಾದರೆ ಡಿಸೆಂಬರ್ 13-14ರ ಜೆಮಿನಿಡ್ಸ್ ನೋಡಿ. ಫೇಥಾನ್ ಎಂಬ ಕ್ಷುದ್ರಗ್ರಹ ಬಿಟ್ಟುಹೋದ ಚೂರುಗಳು ಅವು. ಸೆಕೆಂಡಿಗೆ ಸುಮಾರು 35 ಕಿ.ಮೀ. ವೇಗ. ಉಲ್ಕೆಗಳ ಲೆಕ್ಕದಲ್ಲಿ ಇದು ನಿಧಾನವೇ, ಹಾಗಾಗಿ "ಅಲ್ಲಿ ನೋಡು" ಅನ್ನುವಷ್ಟರಲ್ಲಿ ಪಕ್ಕದವರಿಗೂ ಕೆಲವೊಮ್ಮೆ ಸಿಕ್ಕಿಬಿಡುತ್ತದೆ! ಆಗಸ್ಟ್ 12-13ರ ಪರ್ಸೀಡ್ಸ್ ಇನ್ನೂ ಚುರುಕು, ಸೆಕೆಂಡಿಗೆ 59 ಕಿ.ಮೀ. ಕೆಲವು ಉಲ್ಕೆಗಳ ಹಿಂದೆ ಹೊಳೆಯುವ ಗೆರೆ ಒಂದೆರಡು ಕ್ಷಣ ಹಾಗೇ ಉಳಿಯುತ್ತದೆ. ಇದು ಉತ್ತರಾರ್ಧಗೋಳದವರಿಗೆ ಚೆನ್ನಾಗಿ ಕಾಣುತ್ತದೆ.

ಸಾಮಾನ್ಯವಾಗಿ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಒಳ್ಳೆಯ ಹೊತ್ತು. ಓಡುವ ಬಸ್ಸಿನ ಮುಂದಿನ ಗಾಜಿಗೇ ಮಳೆಹನಿ ಜಾಸ್ತಿ ಬಡಿಯುತ್ತದೆ ಅಲ್ವಾ? ಹಾಗೆಯೇ, ಆ ಹೊತ್ತಿಗೆ ನಾವಿರುವ ಭಾಗ ಭೂಮಿ ಸಾಗುವ ದಿಕ್ಕಿಗೆ ಮುಖ ಮಾಡಿರುತ್ತದೆ. ಜೆಮಿನಿಡ್ಸ್ ಮಾತ್ರ ರಾತ್ರಿ ಹತ್ತರ ಹೊತ್ತಿಗೇ ಕಾಣಲು ಶುರುವಾಗುತ್ತವೆ.

ಹೊರಡುವ ಮೊದಲು ಕ್ಯಾಲೆಂಡರಿನಲ್ಲಿ ಚಂದ್ರನನ್ನು ನೋಡಿಕೊಳ್ಳಿ. ಹುಣ್ಣಿಮೆ ಹತ್ತಿರವಿದ್ದರೆ ಮಂಕಾದ ಉಲ್ಕೆಗಳೆಲ್ಲ ಬೆಳಕಲ್ಲಿ ಕರಗಿಹೋಗುತ್ತವೆ. ಬೀದಿದೀಪ ಇಲ್ಲದ ಜಾಗದಲ್ಲಿ ಚಾಪೆ ಹಾಸಿ ಸುಮ್ನೆ ಮಲಗಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20-30 ನಿಮಿಷ ಬೇಕು. ಮಧ್ಯೆ ಒಮ್ಮೆ ಮೊಬೈಲ್ ನೋಡಿದರೂ ಅಷ್ಟೂ ಹೊತ್ತು ಕಾದಿದ್ದು ದಂಡ, ದಯವಿಟ್ಟು ಅದನ್ನು ಜೇಬಿನಲ್ಲೇ ಇಡಿ. ಕನಿಷ್ಠ ಒಂದು ಗಂಟೆ ಕಾಯಿರಿ.