ಓದುಗರ ಪ್ರಶ್ನೆ: ಲಿಕ್ವಿಡ್ ಕೂಲರ್ ತೆಗೆದು ಏರ್ ಕೂಲರ್ ಹಾಕುವಾಗ

ಪ್ರಶ್ನೆ: ನನ್ನ ಡೆಸ್ಕ್‌ಟಾಪ್‌ನಲ್ಲಿ ರೈಜನ್ 9 7950ಎಕ್ಸ್ ಪ್ರೊಸೆಸರ್ ಇದೆ. ಕ್ಯಾಬಿನೆಟ್‌ನ ಮೇಲ್ಭಾಗಕ್ಕೆ 360 ಮಿ.ಮೀ. ರೇಡಿಯೇಟರಿನ ಲಿಕ್ವಿಡ್ ಕೂಲರ್ ಕೂರಿಸಿ ಮೂರು ವರ್ಷವಾಯಿತು. ಈಗ ಪಂಪ್ ಕಿರುಗುಟ್ಟುತ್ತಿದೆ. ರೆಂಡರ್ ಹಚ್ಚಿದ ಕೂಡಲೇ 95 ಡಿಗ್ರಿ ತೋರಿಸುತ್ತದೆ. ದೊಡ್ಡ ಏರ್ ಕೂಲರ್ ಹಾಕಿದರೆ ತಾಳುತ್ತದೆಯೇ?

ಉತ್ತರ: 95 ಡಿಗ್ರಿ ಕಂಡು ಗಾಬರಿಯಾಗಬೇಡಿ. ಪೂರ್ತಿ ಹೊರೆ ಬಿದ್ದಾಗ ಆ ಮಟ್ಟಕ್ಕೆ ಏರಿ ಅಲ್ಲೇ ನಿಂತು ಕೆಲಸ ಮಾಡುವಂತೆಯೇ ಎಎಂಡಿ ಈ ಪ್ರೊಸೆಸರನ್ನು ರೂಪಿಸಿದೆ. ಕೂಲರ್ ಸೋಲುತ್ತಿದ್ದರೆ ಅದು ತಿಳಿಯುವುದು ಡಿಗ್ರಿಯಿಂದಲ್ಲ, ವೇಗದಿಂದ ಮತ್ತು ಎಳೆಯುವ ವಾಟ್‌ನಿಂದ. ಎಚ್‌ಡಬ್ಲ್ಯುಇನ್ಫೋ ಎಂಬ ತಂತ್ರಾಂಶ ತೆರೆದು ಪ್ರೊಸೆಸರ್ ಎಷ್ಟು ವಾಟ್ ಎಳೆಯುತ್ತಿದೆ ನೋಡಿ. 230 ವಾಟ್‌ವರೆಗೆ ಎಳೆಯಬಲ್ಲ ಪ್ರೊಸೆಸರ್ 95 ಡಿಗ್ರಿಯಲ್ಲಿ ನಿಂತು 150 ವಾಟ್‌ಗೇ ಸುಸ್ತಾಗುತ್ತಿದ್ದರೆ ಶಾಖ ಹೊರಗೆ ಹೋಗುತ್ತಿಲ್ಲ ಎಂದರ್ಥ.

ಪಂಪನ್ನು ಕೈಯಿಂದಲೇ ಪರೀಕ್ಷಿಸಬಹುದು. ರೆಂಡರ್ ಹತ್ತು ನಿಮಿಷ ಓಡಲಿ, ಆಮೇಲೆ ಎರಡೂ ಟ್ಯೂಬ್‌ಗಳನ್ನು ಪಂಪಿನ ಬಳಿ ಮುಟ್ಟಿ ನೋಡಿ. ದ್ರವ ಸರಿಯಾಗಿ ಹರಿಯುತ್ತಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಬಿಸಿ ಇರುತ್ತವೆ. ಒಂದು ಸುಡುತ್ತಾ ಇನ್ನೊಂದು ತಣ್ಣಗಿದ್ದು ರೇಡಿಯೇಟರ್ ಕೂಡ ಬಿಸಿಯಾಗಿರದಿದ್ದರೆ ಹರಿವು ನಿಂತಂತೆಯೇ. ಟ್ಯೂಬಿನ ಗೋಡೆಯ ಮೂಲಕ ದ್ರವ ವರ್ಷಗಟ್ಟಲೆ ಅಣುಅಣುವಾಗಿ ಆವಿಯಾಗುತ್ತದೆ, ಆ ಜಾಗಕ್ಕೆ ಗಾಳಿ ಸೇರುತ್ತದೆ. ಇಂಥ ಸೀಲ್ ಮಾಡಿದ ಕೂಲರುಗಳಲ್ಲಿ ಹೆಚ್ಚಿನವಕ್ಕೆ ಮತ್ತೆ ದ್ರವ ತುಂಬಲು ಬರುವುದಿಲ್ಲ. ಬದಲಿಸುವ ನಿಮ್ಮ ಯೋಚನೆ ಸರಿಯಾಗಿದೆ.

ಒಳ್ಳೆಯ ಡ್ಯುಯಲ್ ಟವರ್ (ಲೋಹದ ರೆಕ್ಕೆಗಳ ಎರಡು ಗೋಪುರವಿರುವ) ಏರ್ ಕೂಲರ್ ಈ ಪ್ರೊಸೆಸರಿಗೆ ತಾಳುತ್ತದೆ. ಬಯೋಸ್‌ನಲ್ಲಿ 105 ವಾಟ್ ಇಕೋ ಮೋಡ್ ಹಾಕಿದರೆ ಎಳೆತ 142 ವಾಟ್‌ಗೆ ಮಿತಿಯಾಗುತ್ತದೆ. ರೆಂಡರ್ ಸ್ವಲ್ಪವಷ್ಟೇ ನಿಧಾನವಾಗುತ್ತದೆ, ಸದ್ದು ಮಾತ್ರ ಎದ್ದು ಕಾಣುವಷ್ಟು ತಗ್ಗುತ್ತದೆ. ನಾವಾದರೆ ಹಾಗೇ ಇಡುತ್ತೇವೆ.

ಆದರೆ ಬಹಳ ಜನ ಎಡವುವುದು ಕೂಲರ್ ಆಯ್ಕೆಯಲ್ಲಲ್ಲ, ಗಾಳಿಯ ದಾರಿಯಲ್ಲಿ. ನಿಮ್ಮ ರೇಡಿಯೇಟರ್ ಪ್ರೊಸೆಸರಿನ ಶಾಖವನ್ನು ಕ್ಯಾಬಿನೆಟ್‌ನ ಅಂಚಿಗೆ ಒಯ್ದು ಹೊರಗೆ ಊದುತ್ತಿತ್ತು. ಅದರ ಮೂರು ಫ್ಯಾನುಗಳು ಗ್ರಾಫಿಕ್ಸ್ ಕಾರ್ಡಿನ ಬಿಸಿಯನ್ನೂ ಸದ್ದಿಲ್ಲದೆ ಎಳೆದು ಹಾಕುತ್ತಿದ್ದವು. ಏರ್ ಕೂಲರ್ ಅದೇ ಶಾಖವನ್ನು ಪೆಟ್ಟಿಗೆಯ ನಟ್ಟನಡುವೆ ಬಿಡುತ್ತದೆ. ಕೆಳಗೆ 300 ವಾಟ್‌ನ ಕಾರ್ಡ್ ಇದ್ದರೆ ಕೂಲರ್ ಒಳಗೆಳೆಯುವುದೇ ಬಿಸಿಗಾಳಿ. ರೇಡಿಯೇಟರ್ ತೆಗೆದು, ಮೇಲ್ಭಾಗ ಖಾಲಿ ಬಿಟ್ಟು, 'ಏರ್ ಕೂಲರ್ ಕೈಕೊಟ್ಟಿತು' ಎನ್ನುವವರ ಕಷ್ಟ ಬಹುಪಾಲು ಇಷ್ಟೇ.

ಹಳೆಯ ಫ್ಯಾನುಗಳಲ್ಲಿ ಸಾಮಾನ್ಯ 4 ಪಿನ್ ಕನೆಕ್ಟರ್ ಇದ್ದರೆ ಅವನ್ನೇ ಬಳಸಿ. ಮುಂಭಾಗದಲ್ಲಿ ಎರಡು ಅಥವಾ ಮೂರು ಫ್ಯಾನ್ ಒಳಕ್ಕೆ, ಹಿಂಬದಿಯ ಒಂದು ಹೊರಕ್ಕೆ, ಮೇಲ್ಭಾಗದ ಹಿಂಬದಿ ಜಾಗದಲ್ಲಿ ಇನ್ನೊಂದು ಹೊರಕ್ಕೆ. ಮೇಲ್ಭಾಗದ ಮುಂದಿನ ಜಾಗದಲ್ಲಿ ಹೊರಕ್ಕೆ ಊದುವ ಫ್ಯಾನ್ ಬೇಡ. ಮುಂದಿನಿಂದ ಬಂದ ತಣ್ಣನೆ ಗಾಳಿ ಕೂಲರನ್ನು ಮುಟ್ಟುವ ಮೊದಲೇ ಅದು ಕದ್ದುಬಿಡುತ್ತದೆ. ಟವರಿನ ಫ್ಯಾನುಗಳು ಹಿಂಬದಿಯ ಫ್ಯಾನಿನ ಕಡೆಗೇ ಊದಬೇಕು. ಎಲ್ಲ ಮುಗಿದ ಮೇಲೆ ಪಕ್ಕದ ಬಾಗಿಲು ಹಾಕಿ ಒಮ್ಮೆ, ತೆಗೆದು ಒಮ್ಮೆ ಹತ್ತತ್ತು ನಿಮಿಷ ರೆಂಡರ್ ಓಡಿಸಿ. ಬಾಗಿಲು ತೆಗೆದಾಗ ಕ್ಲಾಕ್ (ಪ್ರೊಸೆಸರಿನ ವೇಗ) ಸ್ಪಷ್ಟವಾಗಿ ಏರಿದರೆ ತಪ್ಪು ಕೂಲರಿನದಲ್ಲ, ಗಾಳಿಯದು.

ಪ್ರಶ್ನೆ: ನೊಕ್ಚುವಾ ಎನ್‌ಎಚ್-ಡಿ15 ಕೊಳ್ಳಬೇಕೆಂದಿದ್ದೇನೆ. ಕ್ಯಾಬಿನೆಟ್ 170 ಮಿ.ಮೀ. ಎತ್ತರದ ಕೂಲರಿಗೆ ಜಾಗವಿದೆ ಎನ್ನುತ್ತದೆ. ರ‍್ಯಾಮ್ ಬಣ್ಣದ ದೀಪದ್ದು, 44 ಮಿ.ಮೀ. ಎತ್ತರ.

ಉತ್ತರ: ಲೆಕ್ಕ ಹಾಕೋಣ. ಕೂಲರಿನ ಎತ್ತರ 165 ಮಿ.ಮೀ.; ನಿಮ್ಮ ಪೆಟ್ಟಿಗೆಗೆ ಸರಿಹೊಂದುತ್ತದೆ. ಆದರೆ ಮುಂದಿನ ಫ್ಯಾನ್ ಕೆಳಗೆ ರ‍್ಯಾಮಿಗೆ ಸಿಗುವುದು 32 ಮಿ.ಮೀ. ಮಾತ್ರ. ಉಳಿದ 12 ಮಿ.ಮೀ. ಫ್ಯಾನನ್ನು ಮೇಲಕ್ಕೆ ಸರಿಸಿದರೆ ಒಟ್ಟು 177, ಬಾಗಿಲು ಮುಚ್ಚುವುದಿಲ್ಲ. ದಾರಿ ಎರಡು: ತಗ್ಗಿನ ರ‍್ಯಾಮ್ ಹಾಕಿ, ಇಲ್ಲವೇ ಮುಂದಿನ ಫ್ಯಾನ್ ಬಿಟ್ಟು ನಡುವಿನದೊಂದನ್ನೇ ಓಡಿಸಿ. ಎರಡನೆಯದರಲ್ಲಿ ಕಳೆದುಕೊಳ್ಳುವುದು ಕೆಲವೇ ಡಿಗ್ರಿ.

ಪ್ರಶ್ನೆ: ಬಿಚ್ಚಿ ಜೋಡಿಸುವ ಕ್ರಮ ತಿಳಿಸಿ. ಎಲ್ಲಿ ಹಾಳಾಗುವ ಅಪಾಯವಿದೆ?

ಉತ್ತರ: ಮೊದಲು ಕಂಪ್ಯೂಟರನ್ನು ಹತ್ತು ನಿಮಿಷ ಹೊರೆ ಕೊಟ್ಟು ಬಿಸಿ ಮಾಡಿ, ಪ್ರೊಸೆಸರ್ ಮತ್ತು ಪಂಪಿನ ನಡುವೆ ಶಾಖ ಸಾಗಿಸುವ ಪೇಸ್ಟ್ ಮೆತ್ತಗಾಗಲಿ. ಆಮೇಲೆ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಪೆಟ್ಟಿಗೆಯನ್ನು ಅಡ್ಡ ಮಲಗಿಸಿ. ಗ್ರಾಫಿಕ್ಸ್ ಕಾರ್ಡನ್ನು ಈಗಲೇ ತೆಗೆದಿಡಿ. ದೊಡ್ಡ ಟವರ್ ಕೂತ ಮೇಲೆ ಆ ಸ್ಲಾಟಿನ ಕ್ಲಿಪ್‌ಗೆ ಬೆರಳು ತಲುಪುವುದೇ ಕಷ್ಟ. ಪಂಪಿನ ಸ್ಕ್ರೂಗಳನ್ನು ಮೂಲೆಗೆ ಮೂಲೆ, ಸ್ವಲ್ಪಸ್ವಲ್ಪವಾಗಿ ಸಡಿಲಿಸಿ, ಪಂಪನ್ನು ಎಡಕ್ಕೆ ಬಲಕ್ಕೆ ತಿರುಚಿ ಎತ್ತಿ. ನೇರವಾಗಿ ಎಳೆಯಬೇಡಿ. ಎಎಂಡಿಯ ಹಳೆಯ ಸಾಕೆಟ್ಟಾದ ಎಎಂ4ರ ಬೋರ್ಡಿನಲ್ಲಿ ಹಾಗೆ ಎಳೆದರೆ ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತುಬಂದು ಪಿನ್ ಬಾಗುವುದುಂಟು. ನಿಮ್ಮ ಪ್ರೊಸೆಸರ್ ಕೂರುವ ಎಎಂ5ರಲ್ಲಿ ಆ ಭಯವಿಲ್ಲ, ಪ್ರೊಸೆಸರನ್ನು ಲೋಹದ ಚೌಕಟ್ಟು ಹಿಡಿದಿರುತ್ತದೆ.

ಬೋರ್ಡಿನ ಹಿಂದೆ ಕೂಲರಿಗೆ ಆಧಾರವಾಗಿರುವ ತಟ್ಟೆಯ ವಿಷಯದಲ್ಲೂ ಇವೆರಡು ಬೇರೆ. ಎಎಂ4ರಲ್ಲಿ ಮುಂದಿನ ನಾಲ್ಕು ಸ್ಕ್ರೂ ಬಿಚ್ಚಿದರೆ ಅದು ಹಿಂದೆ ಬಿದ್ದುಹೋಗುತ್ತದೆ, ಕೈಯಿಂದ ಹಿಡಿದಿರಿ. ಎಎಂ5ರಲ್ಲಿ ಅಲ್ಲೇ ಇರುತ್ತದೆ.

ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ. ರೈಜನ್ 7000ರ ಮುಚ್ಚಳದ ಅಂಚಿನ ಕಚ್ಚುಗಳಿಗೆ ಪೇಸ್ಟ್ ನುಗ್ಗಿರುತ್ತದೆ. ಸಾಮಾನ್ಯ ಪೇಸ್ಟ್ ವಿದ್ಯುತ್ ಹರಿಸುವುದಿಲ್ಲ, ಅಲ್ಲಿ ಕೆರೆಯಲು ಹೋಗಬೇಡಿ. ನಡುವೆ 4 ಮಿ.ಮೀ. ತೊಟ್ಟು, ನಾಲ್ಕು ಮೂಲೆಯ ಕಡೆಗೆ ಸಾಸಿವೆ ಕಾಳಿನಷ್ಟು ಚುಕ್ಕಿ ಸಾಕು. ಕೂಲರ್ ತಳದ ಪ್ಲಾಸ್ಟಿಕ್ ಪೊರೆ ಸುಲಿದಿದ್ದೀರಾ ಎಂದು ಇಲ್ಲೊಮ್ಮೆ ನೋಡಿ. ಆನ್ ಮಾಡಿದ ತಕ್ಷಣ ಉಷ್ಣಾಂಶ ಜಿಗಿದರೆ ಮೊದಲ ಅನುಮಾನ ಆ ಪೊರೆಯ ಮೇಲೆ. ಸ್ಕ್ರೂಗಳನ್ನು ಒಂದೊಂದು ಬದಿಗೆ ಎರಡೆರಡು ಸುತ್ತು ಬಿಗಿಸುತ್ತಾ ಬನ್ನಿ. ಒಂದನ್ನೇ ಪೂರ್ತಿ ಬಿಗಿದರೆ ತಳ ಓರೆಯಾಗಿ ಪೇಸ್ಟ್ ಒಂದು ಕಡೆ ಸರಿಯುತ್ತದೆ. ಜೊತೆಗೆ ಎಎಂ5ಗೆ ಆಫ್‌ಸೆಟ್ ಪಟ್ಟಿ ಬಂದಿದ್ದರೆ ಅದನ್ನೇ ಬಳಸಿ: ಈ ಪ್ರೊಸೆಸರುಗಳಲ್ಲಿ ಕೋರ್‌ಗಳಿರುವ ತುಣುಕುಗಳು ನಡುವಿನಲ್ಲಿಲ್ಲ, ಒಂದು ಬದಿಗಿವೆ. 1ರಿಂದ 3 ಡಿಗ್ರಿ ಲಾಭ.

ಎರಡು ಫ್ಯಾನುಗಳನ್ನು ವೈ ಕೇಬಲ್‌ನಿಂದ ಬೋರ್ಡಿನ ಸಿಪಿಯು ಫ್ಯಾನ್ ಹೆಡರಿಗೆ (ಫ್ಯಾನ್ ಚುಚ್ಚುವ ಪಿನ್‌ಗಳಿಗೆ) ಸೇರಿಸಿ. ಪಂಪಿನ ಹೆಡರಿಗೆ ಚುಚ್ಚಿದರೆ ಹಲವು ಬೋರ್ಡುಗಳಲ್ಲಿ ಫ್ಯಾನ್ ಸದಾ ಪೂರ್ಣ ವೇಗದಲ್ಲಿ ಅರಚುತ್ತದೆ. ಸಿಪಿಯು ಹೆಡರ್ ಖಾಲಿಯಿದ್ದರೆ ಹಲವು ಬೋರ್ಡುಗಳು ದೋಷ ತೋರಿಸಿ ಮುಂದಕ್ಕೆ ಹೋಗುವುದೇ ಇಲ್ಲ.

ಪ್ರಶ್ನೆ: ಏರ್ ಕೂಲರ್ ಹಾಕಿದ ಮೇಲೆ ಬ್ರೌಸರ್ ತೆರೆದರೂ ಫ್ಯಾನ್ ಗುಯ್ ಎನ್ನುತ್ತದೆ. ಕೂಲರ್ ದೋಷವೇ?

ಉತ್ತರ: ಅಲ್ಲ. ರೇಡಿಯೇಟರಿನ ದ್ರವ ಬಿಸಿಯಾಗಲು ಹಲವು ನಿಮಿಷ ಬೇಕಿತ್ತು, ಸಣ್ಣ ಏರಿಳಿತಗಳನ್ನು ಅದು ನುಂಗಿಕೊಳ್ಳುತ್ತಿತ್ತು. ಈಗ ಫ್ಯಾನ್ ಪ್ರೊಸೆಸರಿನ ಕ್ಷಣಕ್ಷಣದ ಉಷ್ಣಾಂಶದ ಬೆನ್ನು ಹತ್ತುತ್ತಿದೆ. ಬಯೋಸ್‌ನಲ್ಲಿ 65 ಡಿಗ್ರಿವರೆಗೆ ವೇಗ ಶೇ. 40ರಲ್ಲೇ ಇರಲಿ, 80ಕ್ಕೆ ಶೇ. 70, 92ಕ್ಕೆ ಶೇ. 100. ಫ್ಯಾನ್ ವೇಗ ಏರುವುದನ್ನು ತಡಮಾಡುವ ಸ್ಟೆಪ್ ಅಪ್ ಸಮಯ 3ರಿಂದ 5 ಸೆಕೆಂಡ್ ಕೊಡಿ.

ಪ್ರಶ್ನೆ: ಇಂಟೆಲ್‌ನ ಐ9-14900ಕೆ ಪ್ರೊಸೆಸರಿಗೂ ಇದೇ ಸಲಹೆಯೇ?

ಉತ್ತರ: ಆಟಕ್ಕಾದರೆ ಹೌದು. ಗಂಟೆಗಟ್ಟಲೆ 253 ವಾಟ್‌ನಲ್ಲಿ ರೆಂಡರ್ ಮಾಡುವವರಿಗೆ ಅಲ್ಲ. ಅವರು ಹೊಸ 360 ಮಿ.ಮೀ. ಲಿಕ್ವಿಡ್ ಕೂಲರನ್ನೇ ಕೊಳ್ಳಲಿ.

ಪ್ರಶ್ನೆ: ಒಂದು ಕಿಲೋ ಮೀರಿದ ಕೂಲರ್ ನೇತಾಡಿ ಬೋರ್ಡ್ ಮುರಿಯುವುದಿಲ್ಲವೇ?

ಉತ್ತರ: ಮೇಜಿನ ಮೇಲಿರುವಾಗ ಇಲ್ಲ, ಭಾರವನ್ನು ಹಿಂಬದಿಯ ಲೋಹದ ತಟ್ಟೆ ಹೊರುತ್ತದೆ. ಸಾಗಿಸುವಾಗ ಮಾತ್ರ ಎಚ್ಚರ: ನೀವೇ ಕಾರಿನಲ್ಲಿ ಒಯ್ಯುವುದಾದರೆ ಕೂಲರ್ ಮೇಲ್ಮುಖವಾಗಿರುವಂತೆ ಪೆಟ್ಟಿಗೆ ಮಲಗಿಸಿ, ಕೊರಿಯರಿಗೆ ಕೊಡುವುದಾದರೆ ಕೂಲರನ್ನು ಬಿಚ್ಚಿ ಬೇರೆಯಾಗಿ ಕಟ್ಟಿ.