ಎತ್ತರದ ಆಟಗಾರನಿಗೆ ಚೆಂಡೇ ಸಿಗುತ್ತಿಲ್ಲ

ಪ್ರಶ್ನೆ: ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆರೂವರೆ ಅಡಿಯ ಸೆಂಟರ್ ಆಟಗಾರನಿದ್ದಾನೆ. ಬುಟ್ಟಿಯ ಬಳಿ ಕೈ ಎತ್ತಿ ನಿಂತರೂ ಗಾರ್ಡ್‌ಗಳು (ಹೊರಗಿನಿಂದ ಚೆಂಡು ನಡೆಸುವವರು) ಅವನಿಗೆ ಚೆಂಡು ಕೊಡುವುದಿಲ್ಲ. ಏನು ಮಾಡಲಿ ಸರ್?
— ತಂಡದ ನಾಯಕ, ವಿದ್ಯಾನಗರ, ದಾವಣಗೆರೆ

ಉತ್ತರ: ಗಾರ್ಡ್‌ಗಳನ್ನು ಬೈಯುವ ಮೊದಲು ಅವರು ಎಲ್ಲಿಂದ ಪಾಸ್ ಕೊಡುತ್ತಿದ್ದಾರೆ ನೋಡಿ. ಅಂಕಣದ ನಡುವಿನಿಂದ ಕೊಟ್ಟರೆ ಎದುರಾಳಿಯ ಕೈ ಅಡ್ಡ ಬರುವುದು ಸುಲಭ. ಚೆಂಡನ್ನು ಮೊದಲು ಪಕ್ಕಕ್ಕೆ, ಫ್ರೀ ಥ್ರೋ ಗೆರೆಗಿಂತ (ಫೌಲ್ ಆದಾಗ ನಿಂತು ಬುಟ್ಟಿಗೆ ಎಸೆಯುವ ಗೆರೆ) ಕೆಳಕ್ಕೆ, ಬುಟ್ಟಿಯ ಕಡೆಗೆ ತನ್ನಿ. ಅಲ್ಲಿಂದ ನೆಲಕ್ಕೆ ಪುಟಿಸಿ, ಎದುರಾಳಿಯಿಂದ ದೂರವಿರುವ ಕೈಗೆ ತಲುಪಿಸಿ.

ನಿಮ್ಮ ಹುಡುಗನಿಗೂ ಕೆಲಸವಿದೆ. ನನ್ನ ಮಟ್ಟಿಗೆ ಅದೇ ದೊಡ್ಡದು. ಕೈ ಎತ್ತಿದರೆ ಸಾಲದು. ಮೊಣಕಾಲು ಬಗ್ಗಿಸಿ, ಪಾದ ಅಗಲಿಸಿ, ಎದುರಾಳಿಯನ್ನು ಬೆನ್ನ ಹಿಂದೆಯೇ ಕಟ್ಟಿಹಾಕಬೇಕು. ತಳ್ಳಿದರೆ ಫೌಲ್. ಕಾಲು ಪೇಂಟ್‌ನ, ಅಂದರೆ ಬುಟ್ಟಿಯ ಮುಂದಿನ ಗೆರೆ ಎಳೆದ ಜಾಗದ, ಹೊರಗಿರಲಿ. ಚೆಂಡು ನಿಮ್ಮ ತಂಡದ ಬಳಿ ಇರುವಾಗ ಅಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ; ಗೆರೆ ತುಳಿದರೂ ಆ ಲೆಕ್ಕಕ್ಕೆ ಒಳಗಿದ್ದಂತೆಯೇ.

ಎದುರಾಳಿ ಅವನ ಮುಂದೆಯೇ ಬಂದು ನಿಂತರೆ? ಇನ್ನೊಬ್ಬ ಎತ್ತರದವನನ್ನು ಫ್ರೀ ಥ್ರೋ ಗೆರೆಯ ಬಳಿಗೆ ಕರೆಸಿ. ಚೆಂಡು ಅವನಿಗೆ, ಅವನಿಂದ ಮೇಲ್ಗಡೆಯಾಗಿ ಒಳಕ್ಕೆ.

ಇಬ್ಬರು ಮುತ್ತಿದಾಗ ಅವನು ಚೆಂಡನ್ನು ಹೊರಗೆ ಮರಳಿಸಲೇಬೇಕು. ಕೊಟ್ಟ ಚೆಂಡು ಮತ್ತೆ ಕೈಗೆ ಬರುತ್ತದೆಂಬ ನಂಬಿಕೆ ಹುಟ್ಟಿದರೆ ಗಾರ್ಡ್‌ಗಳು ಧಾರಾಳವಾಗಿ ಕೊಡುತ್ತಾರೆ, ಇದನ್ನು ನಾನು ಎಷ್ಟೋ ತಂಡಗಳಲ್ಲಿ ಕಂಡಿದ್ದೇನೆ. ದಾವಣಗೆರೆಯ ಬಿಸಿಲು ಇಳಿದ ಮೇಲೆ, ಸಂಜೆ ಮೂವರ ವಿರುದ್ಧ ಮೂವರನ್ನು ಆಡಿಸಿ. ಷರತ್ತು ಒಂದೇ: ಚೆಂಡು ಸೆಂಟರ್‌ನ ಕೈಗೆ ಹೋಗದೆ ಯಾರೂ ಬುಟ್ಟಿಗೆ ಎಸೆಯುವಂತಿಲ್ಲ.