ಬೆನ್ನು ಬಿಡದ ಪ್ರೀತಿ: ಬರೆಯುವವರಿಗೆ, ಓದುವವರಿಗೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು: ತಲೆಗೇರಿದ ಪ್ರೀತಿ, ಅದರ ಬೆನ್ನಿಗೇ ಬರುವ ಹೊಡೆತ, ರಕ್ತ, ಕೊಲೆ. ಮೊಬೈಲಿನಲ್ಲಿ ಧಾರಾವಾಹಿ ಓದುವವರು ಜಾಸ್ತಿಯಾದ ಮೇಲೆ ಇಂಥ ಕಥೆಗಳಿಗೆ ಒಳ್ಳೇ ಗಿರಾಕಿ. ಮೈಸೂರಿನ ಕಥಾ ಕಮ್ಮಟಗಳಲ್ಲಿ ಹೊಸಬರ ಹಸ್ತಪ್ರತಿ ತಿದ್ದುವ ಸಂಪಾದಕಿಯೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಮಂಡ್ಯದವಳು. ಆ್ಯಪ್ ಒಂದರಲ್ಲಿ ಧಾರಾವಾಹಿ ಬರೆಯುತ್ತಿದ್ದೇನೆ. ಕೆಲಸಕ್ಕೆ ದಿನಾ ರೈಲಿನಲ್ಲಿ ಮೈಸೂರಿಗೆ ಹೋಗುವ ಹುಡುಗಿಯ ಹಿಂದೆ ಒಬ್ಬ ಬೀಳುತ್ತಾನೆ. ಕೊನೆಗೆ ಅವಳನ್ನು ಕೊಲ್ಲುತ್ತಾನೆ. ಓದುಗರಿಗೋ ಅವನ ಮೇಲೇ ಪ್ರೀತಿ. ‘ಇಬ್ಬರಿಗೂ ಮದುವೆ ಮಾಡಿಸಿ ಮೇಡಂ’ ಅಂತ ಬರೆಯುತ್ತಾರೆ. ಏನು ಮಾಡಲಿ?

ಉತ್ತರ: ನೀವು ಕಳಿಸಿದ ಕಂತುಗಳನ್ನು ಓದಿದೆ. ಓದುಗರನ್ನು ಬೈಯುವ ಹಾಗಿಲ್ಲ. ಶುರುವಿನಿಂದ ನೀವು ಅವರನ್ನು ಅವನ ಪಕ್ಕದ ಸೀಟಿನಲ್ಲೇ ಕೂರಿಸಿದ್ದೀರಿ. ಅವನಿಗೆ ಚಳಿಯಾದರೆ ನಮಗೂ ಚಳಿ. ಅವಳು ಎದ್ದು ಬೇರೆ ಬೋಗಿಗೆ ಹೋದರೆ ನಮಗೂ ಬೇಜಾರು. ಅವಳು ಯಾಕೆ ಎದ್ದಳು ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಇಷ್ಟು ದಿನ ಒಬ್ಬನ ಸಂಕಟವನ್ನೇ ಉಣಿಸಿ, ಈಗ ಅವನು ಕೆಟ್ಟವನು ಅಂದರೆ ಯಾರು ಒಪ್ಪುತ್ತಾರೆ?

ಅವನ ಒಳಗಿನಿಂದ ಬರೆಯಬೇಡಿ ಅನ್ನುತ್ತಿಲ್ಲ. ಬರೆಯಿರಿ, ಆದರೆ ಅವನ ತಲೆ ಓಡುವ ರೀತಿಯನ್ನು ಸರಿಯಾಗಿ ಹಿಡಿಯಿರಿ. ಇಂಥವನಿಗೆ ಅವಳ ಬಗ್ಗೆ ಗೊತ್ತಿರುವ ಸಂಗತಿಗಳು ರಾಶಿ ರಾಶಿ. ಸೀಸನ್ ಪಾಸ್ ಯಾವ ಪರ್ಸಿನಲ್ಲಿದೆ, ಶುಕ್ರವಾರ ಯಾರ ಹತ್ತಿರ ಹೂವು ಕೊಳ್ಳುತ್ತಾಳೆ, ಚಪ್ಪಲಿಯ ಪಟ್ಟಿ ಕಿತ್ತುಹೋಗಿ ಪಿನ್ನು ಹಾಕಿಕೊಂಡಿದ್ದಾಳೆ, ಎಲ್ಲ ಗೊತ್ತು. ಆ ಪಿನ್ನು ಕಾಲಿಗೆ ಚುಚ್ಚುತ್ತಿದೆ, ಹೊಸ ಚಪ್ಪಲಿಗೆ ಸಂಬಳ ಬರಲಿ ಅಂತ ಕಾಯುತ್ತಿದ್ದಾಳೆ ಅನ್ನುವುದು ಮಾತ್ರ ಅವನ ತಲೆಗೇ ಹೊಳೆಯುವುದಿಲ್ಲ. ಅವನ ಮಟ್ಟಿಗೆ ಆ ಪಿನ್ನು ನೋಡುವುದಕ್ಕೊಂದು ಚೆಂದ. ಅವನ ಬಾಯಿಂದಲೇ ಪಿನ್ನಿನ ವಿಷಯ ಹೇಳಿಸಿ, ಅವಳು ಕುಂಟುವುದನ್ನು ಓದುಗರೇ ನೋಡುವಂತೆ ಬರೆಯಿರಿ.

ಇನ್ನು ಅವನ ಲೆಕ್ಕ. ಏನೇ ಆದರೂ ತನ್ನ ಕಡೆಗೇ ತಿರುಗಿಸಿಕೊಳ್ಳುತ್ತಾನೆ. ಅವಳು ನೋಡಲಿಲ್ಲವಾ? ನಾಚಿಕೆ. ಬೈದಳಾ? ಸಲಿಗೆ. ನಂಬರ್ ಬ್ಲಾಕ್ ಮಾಡಿದಳಾ? ಮನೆಯವರ ಕಾಟ. ಇದರ ವಿಪರೀತ ರೂಪವನ್ನು ಫ್ರಾನ್ಸಿನ ಮನೋವೈದ್ಯ ಕ್ಲೆರಂಬೋ 1921ರಲ್ಲಿ ವಿವರಿಸಿದ್ದ. ‘ಮೊದಲು ಪ್ರೀತಿಸಿದ್ದೇ ಅವರು’ ಎಂಬ ನಂಬಿಕೆ ರೋಗಿಯಲ್ಲಿ ಕಲ್ಲಿನ ಹಾಗೆ ಕೂತಿರುತ್ತದೆ, ಯಾರು ಏನು ಹೇಳಿದರೂ ಅಲುಗುವುದಿಲ್ಲ. ಎರೋಟೋಮೇನಿಯಾ ಅನ್ನುತ್ತಾರೆ, ಅಪರೂಪದ ಕಾಯಿಲೆ. ನಿಮ್ಮ ಹುಡುಗನಿಗೆ ಅದನ್ನು ಅಂಟಿಸಬೇಡಿ. ‘ಸೈಕೋ’ ಅಂತ ಬರೆದು ಕೈ ತೊಳೆದುಕೊಳ್ಳುವುದೂ ಬೇಡ. ಮಾನಸಿಕ ಕಾಯಿಲೆ ಇರುವವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಎತ್ತುವವರಲ್ಲ. ಬೆನ್ನು ಹತ್ತುವವರಲ್ಲಿ ಎಷ್ಟೋ ಜನ ಮಾಜಿ ಗೆಳೆಯರು, ಮಾಜಿ ಗಂಡಂದಿರು, ದಿನಾ ಮುಖ ನೋಡುವ ಪರಿಚಯಸ್ಥರು. ಆ ಸೊಟ್ಟ ಲೆಕ್ಕವನ್ನಷ್ಟೇ ತೆಗೆದುಕೊಳ್ಳಿ, ಕಥೆಗೆ ಅದು ಧಾರಾಳವಾಯಿತು.

ಮುಂದಿನ ಕಂತು ಪೂರ್ತಿ ಅವಳದಾಗಲಿ. ‘ಅವಳು ಭಯದಿಂದ ನಡುಗಿದಳು’ ಅಂತ ಬರೆಯಬೇಡಿ, ಆ ಭಯಕ್ಕೆ ಅವಳು ಕೊಟ್ಟ ಬೆಲೆ ಬರೆಯಿರಿ. ರೈಲು ಬಿಟ್ಟು ಬಸ್ಸು ಹತ್ತಿದಳು, ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯಿತು? ಸಂಜೆಯ ಟ್ಯಾಲಿ ಕ್ಲಾಸು ಬಿಟ್ಟಳು. ಸಿಮ್ ಬದಲಾಯಿಸಿದಳು, ಬ್ಯಾಂಕಿನ ಓಟಿಪಿ ಹಳೇ ನಂಬರಿಗೇ ಹೋಗುತ್ತಿದೆ. ಮನೆಯಲ್ಲಿ ಬಾಯಿ ಬಿಟ್ಟರೆ ಮೊದಲ ಪ್ರಶ್ನೆ, ‘ನೀನೇನ್ ಮಾಡಿದ್ದೆ, ಅದ್ನ ಹೇಳು.’ ಅಪ್ಪ ಕೆಲಸ ಬಿಡು ಅನ್ನುತ್ತಾರೆ. ಅಣ್ಣ ಮಚ್ಚು ಹುಡುಕುತ್ತಾನೆ. ಅವಳಿಗೆ ಏನು ಬೇಕು ಅಂತ ಯಾರೂ ಕೇಳುವುದಿಲ್ಲ. ಅವನು ಎದುರಿಗೆ ಬಾರದೆಯೇ ಅವಳ ಊರು ಚಿಕ್ಕದಾಗುತ್ತಾ ಹೋಗುತ್ತದೆ. ನಿಮ್ಮ ಕಥೆಯ ಕತ್ತಲೆ ಇರುವುದು ಇಲ್ಲಿ.

ಗೆಳೆಯರನ್ನು ನೀವು ಬರೀ ನಗಿಸಲು ಇಟ್ಟುಕೊಂಡಿದ್ದೀರಿ. ನಮ್ಮ ಕಡೆ ಇಂಥದ್ದು ಒಬ್ಬನಿಂದಲೇ ಆಗುವುದು ಕಡಿಮೆ. ‘ಬಿಡಬ್ಯಾಡ ಕಣ್ ಮಗಾ, ಹಿಂದೆ ಬಿದ್ರೆ ಒಪ್ಕತಾಳೆ’ ಅನ್ನುವವನೊಬ್ಬ, ರೀಚಾರ್ಜ್ ಅಂಗಡಿಯಿಂದ ಹೊಸ ನಂಬರ್ ತಂದುಕೊಡುವವನೊಬ್ಬ, ಬೈಕ್ ಕೊಡುವವನೊಬ್ಬ. ಕೊಲೆಯಾದ ಮೇಲೆ ಟೀ ಅಂಗಡಿ ಮುಂದೆ ನಿಂತು ‘ಒಳ್ಳೇ ಹುಡ್ಗ ಕಣಣ್ಣ, ಅವ್ಳೇ ಆಟ ಆಡ್ಸುದ್ಲು’ ಅನ್ನುವವರೂ ಇವರೇ. ನಾನಾದರೆ ಕಥೆಯ ಅತಿ ಒಳ್ಳೆಯ ಕಂತನ್ನು ಈ ಬೈಕ್ ಕೊಟ್ಟವನಿಗೆ ಇಡುತ್ತಿದ್ದೆ.

ಕೊಲೆಯ ಕರಡನ್ನೂ ನೋಡಿದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ, ಕಬ್ಬು ಕಡಿಯುವ ಮಚ್ಚು, ಪುಟಗಟ್ಟಲೆ ರಕ್ತ, ಜೊತೆಗೆ ಜಡಿಮಳೆ. ಮಳೆಯನ್ನು ಮೊದಲು ತೆಗೆಯಿರಿ. ಕೊಲೆ ನಾಲ್ಕು ಸಾಲು ಸಾಕು. ಅದನ್ನು ಎಳೆದಷ್ಟೂ ಓದುವವರ ಕಣ್ಣು ಗಾಯದ ಮೇಲೆ ನಿಲ್ಲುತ್ತದೆ, ಸತ್ತವಳು ಮರೆತುಹೋಗುತ್ತಾಳೆ. ಉಳಿದ ಪುಟಗಳನ್ನು ಆಮೇಲಿನದಕ್ಕೆ ಕೊಡಿ. ಆಸ್ಪತ್ರೆಯ ಶವಾಗಾರದ ಹೊರಗೆ ಅಪ್ಪ ಅವಳ ಆಧಾರ್ ಜೆರಾಕ್ಸಿಗೆ ಅಲೆಯುತ್ತಿದ್ದಾರೆ. ಚಾರ್ಜ್ ಮುಗಿಯುತ್ತಿರುವ ಅವಳ ಫೋನಿಗೆ ಆಫೀಸಿನ ಗೆಳತಿಯ ಮೆಸೇಜು ಬರುತ್ತದೆ: ‘ನಾಳೆ ರಜಾನಾ?’

ಮದುವೆಯೇ ಬೇಕು ಅಂತ ಓದುಗರು ಹಟ ಹಿಡಿದರೆ ಮಾಡಿಸಿಬಿಡಿ. ಆದರೆ ತಾಳಿ ಕಟ್ಟಿಸಿ ಮುಗಿಸಬೇಡಿ, ಮದುವೆಯಾದ ಮೂರನೇ ತಿಂಗಳು ಬರೆಯಿರಿ. ಸೀಸನ್ ಪಾಸ್ ಎಲ್ಲಿದೆ ಅಂತ ನೋಡುತ್ತಿದ್ದವನು ಈಗ ಕಾಲ್ ಲಿಸ್ಟ್ ನೋಡುತ್ತಾನೆ. ಹೂವು ಮುಡಿದರೆ ಯಾರಿಗೋಸ್ಕರ ಅಂತ ಕೇಳುತ್ತಾನೆ. ಅವನ ಗುಣವನ್ನು ಒಂಚೂರೂ ಬದಲಿಸಬೇಡಿ. ಅದೇ ಮನುಷ್ಯನನ್ನು ಮನೆಯೊಳಗೆ ತಂದು ಬಾಗಿಲು ಹಾಕಿ. ‘ಮದುವೆ ಮಾಡಿಸಿ’ ಅಂದವರು ಏನು ಬರೆಯುತ್ತಾರೋ ನನಗೂ ಕುತೂಹಲ.

ಪ್ರಶ್ನೆ: ಮೈಸೂರಿನಲ್ಲಿ ನಡೆಯುವ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಹಿಂಬಾಲಿಸುವವನ ಮೇಲೆ ಹುಡುಗಿ ದೂರು ಕೊಡುತ್ತಾಳೆ, ಮುಂದೆ ಅವನು ಆ್ಯಸಿಡ್ ಹಾಕುತ್ತಾನೆ. ಯಾವ ಸೆಕ್ಷನ್ ಬರೆಯಬೇಕು? ದೂರು ಕೊಟ್ಟ ಕೂಡಲೇ ಅವನು ಜೈಲಿಗೆ ಹೋದರೆ ಕಥೆ ಅಲ್ಲೇ ನಿಲ್ಲುತ್ತಲ್ಲ?

ಉತ್ತರ: ಕಥೆ ಯಾವ ವರ್ಷದ್ದು ಅಂತ ಮೊದಲು ಗೊತ್ತುಮಾಡಿಕೊಳ್ಳಿ. 2024ರ ಜುಲೈ 1ರಿಂದ ಈಚೆಗಾದರೆ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್. ಅದಕ್ಕೂ ಹಿಂದಾದರೆ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 354ಡಿ, ಅದು ಬಂದದ್ದೇ 2013ರಲ್ಲಿ. 2005ರ ಕಥೆಯಲ್ಲಿ ಇನ್ಸ್‌ಪೆಕ್ಟರ್ ಬಾಯಲ್ಲಿ ‘354ಡಿ’ ಬಂದರೆ ಕೋರ್ಟು ಕಂಡ ಓದುಗರು ಪುಸ್ತಕ ಮುಚ್ಚುತ್ತಾರೆ. ಹೆಣ್ಣುಮಗಳು ಬೇಡ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಪದೇ ಪದೇ ಹಿಂಬಾಲಿಸುವುದು, ಮಾತಿಗೆ ಎಳೆಯಲು ನೋಡುವುದು, ಅವಳ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದು ಇದರೊಳಗೆ ಬರುತ್ತವೆ. ಮೊದಲ ಸಲ ಸಾಬೀತಾದರೆ 3 ವರ್ಷದವರೆಗೆ ಜೈಲು, ಮತ್ತೆ ಮಾಡಿದರೆ 5 ವರ್ಷದವರೆಗೆ. ಜೊತೆಗೆ ದಂಡ.

ಜೈಲಿನ ಚಿಂತೆ ನಿಮಗೆ ಬೇಡ. ಮೊದಲ ಸಲದ ಅಪರಾಧ ಜಾಮೀನು ಸಿಗುವಂಥದ್ದು. ಮಧ್ಯಾಹ್ನ ಠಾಣೆಗೆ ಹೋದವನು ಸಂಜೆ ಅದೇ ಬಸ್ ಸ್ಟಾಪಿನಲ್ಲಿ ನಿಂತಿರಬಹುದು, ಈಗ ಅವಮಾನವನ್ನೂ ಹೊತ್ತುಕೊಂಡು. ಆ ಸಂಜೆ ಅವಳು ಮನೆಗೆ ಹೇಗೆ ಹೋದಳು ಅನ್ನುವುದನ್ನು ಬರೆಯಿರಿ.

ಘಟನೆ ಮದ್ದೂರಿನದು, ದೂರು ಕೊಡುವುದು ಮೈಸೂರಿನಲ್ಲಿ ಅಂತಿಟ್ಟಿದ್ದೀರಿ. ‘ನಮ್ಮ ಸರಹದ್ದಿಗೆ ಬರಲ್ಲಮ್ಮ’ ಅಂತ ವಾಪಸ್ ಕಳಿಸುವ ದೃಶ್ಯ ಇಟ್ಟುಕೊಳ್ಳಿ. ಆದರೆ ಯಾವ ಠಾಣೆಯಾದರೂ ದೂರು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು, ಅದೇ ಝೀರೋ ಎಫ್‌ಐಆರ್. ಅವಳ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಇದು ಗೊತ್ತಿರುವ ಒಬ್ಬ ಗೆಳತಿಯನ್ನು ಹುಡುಗಿಯ ಜೊತೆ ಕಳಿಸಿ ನೋಡಿ, ದೃಶ್ಯಕ್ಕೆ ಜೀವ ಬರುತ್ತದೆ.

ಆ್ಯಸಿಡ್ ವಿಷಯ. ನಿಮ್ಮವನು ಅಂಗಡಿಗೆ ಹೋಗಿ ಸೋಪು ಕೊಂಡ ಹಾಗೆ ಬಾಟಲಿ ತರುತ್ತಾನೆ. 2013ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕಡಿವಾಣ ಹಾಕಿದೆ. ಕೊಳ್ಳುವವನ ಗುರುತಿನ ಚೀಟಿ ನೋಡಬೇಕು, ವಿಳಾಸ, ಕಾರಣ ಪುಸ್ತಕದಲ್ಲಿ ಬರೆದಿಡಬೇಕು. ಅಂಗಡಿಯವನು ಅದನ್ನು ಗಾಳಿಗೆ ತೂರಿದ ಅಂತಾದರೆ ಅವನೂ ಒಂದು ಪಾತ್ರವಾದ, ಬಿಡಬೇಡಿ. ಈ ಅಪರಾಧಕ್ಕೆ ನ್ಯಾಯ ಸಂಹಿತೆಯ 124ನೇ ಸೆಕ್ಷನ್, ಕನಿಷ್ಠ 10 ವರ್ಷ, ಜೀವಾವಧಿಯವರೆಗೂ ಹೋಗಬಹುದು. ಖಾಸಗಿ ಆಸ್ಪತ್ರೆಯಾದರೂ ಚಿಕಿತ್ಸೆಯನ್ನು ಕೂಡಲೇ, ಉಚಿತವಾಗಿ ಕೊಡಬೇಕು. ನಿಮ್ಮ ಡಾಕ್ಟರು ‘ಮೊದಲು ಡೆಪಾಸಿಟ್ ಕಟ್ಟಿ’ ಅನ್ನುತ್ತಾರಲ್ಲ, ಅದು ಕಾನೂನು ಮುರಿಯುವ ಮಾತು ಅಂತ ಗೊತ್ತಿದ್ದೇ ಬರೆಯಿರಿ.

ಪ್ರಶ್ನೆ: ನಾನು ಶ್ರೀರಂಗಪಟ್ಟಣದ ನಿವೃತ್ತ ಕನ್ನಡ ಮೇಷ್ಟ್ರು. ಪ್ರೀತಿಯ ಹೆಸರಿನಲ್ಲಿ ಈ ಕ್ರೌರ್ಯ ಎಲ್ಲಾ ಹೊರಗಿನಿಂದ ಬಂದ ಗೀಳು. ನಮ್ಮ ಸಾಹಿತ್ಯದಲ್ಲಿ ಇದಕ್ಕೆ ಜಾಗವಿತ್ತೇ?

ಉತ್ತರ: ಮೇಷ್ಟ್ರೇ, ಜನ್ನನನ್ನು ನೀವೇ ಪಾಠ ಮಾಡಿರುತ್ತೀರಿ! 1230ರಲ್ಲಿ ಬರೆದ ಅನಂತನಾಥ ಪುರಾಣದ ಚಂಡಶಾಸನ ಯಾರು ಮತ್ತೆ? ಗೆಳೆಯ ವಸುಷೇಣನ ಮನೆಗೆ ಅತಿಥಿಯಾಗಿ ಬರುತ್ತಾನೆ. ಅವನ ಹೆಂಡತಿ ಸುನಂದೆಯನ್ನು ನೋಡಿ ಮರುಳಾಗುತ್ತಾನೆ, ಹೊತ್ತುಕೊಂಡು ಹೋಗುತ್ತಾನೆ. ಅವಳು ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ. ಗಂಡನೇ ಸತ್ತ ಅಂದರೆ ದಾರಿಗೆ ಬಂದಾಳು ಅಂತ ಮಾಯೆಯಿಂದ ವಸುಷೇಣನ ಕಡಿದ ತಲೆಯನ್ನು ಮಾಡಿಸಿ ಅವಳಿಗೆ ತೋರಿಸುತ್ತಾನೆ. ನೋಡಿದ್ದೇ ಅವಳ ಪ್ರಾಣ ಹೋಗುತ್ತದೆ. ಇವನು ಅವಳ ಚಿತೆಯನ್ನೇ ಏರುತ್ತಾನೆ. ಈ ಚಿತೆಯನ್ನು ನೋಡಿ ‘ಆಹಾ ಎಂಥಾ ಪ್ರೀತಿ’ ಅನ್ನುವವರನ್ನು ಕಂಡಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಬದುಕಿದ್ದಾಗ ಬೇಡ ಅಂದವಳನ್ನು, ಅವಳು ಸತ್ತ ಮೇಲೂ ಅವನು ಒಂಟಿಯಾಗಿ ಬಿಡಲಿಲ್ಲ. ಜನ್ನ ಅವನ ಸಂಕಟವನ್ನು ಮನಸಾರೆ ಬರೆದಿದ್ದಾನೆ, ಆದರೆ ಸುನಂದೆಯ ‘ಬೇಡ’ವನ್ನು ಒಂದು ಕಡೆಯೂ ಸಡಿಲ ಮಾಡಿಲ್ಲ. ಮೇಲೆ ಮಂಡ್ಯದ ಲೇಖಕಿಗೆ ನಾನು ಹೇಳಲು ಒದ್ದಾಡಿದ್ದು ಇದನ್ನೇ.

ಅದಕ್ಕೂ ಮೊದಲು, ಜನ್ನನದೇ 1209ರ ಯಶೋಧರ ಚರಿತೆಯಲ್ಲಿ ಗೀಳು ಹೆಣ್ಣಿನದು. ತಡವಾಗಿ ಬಂದಳೆಂದು ಮಾವುತ ಅಷ್ಟಾವಂಕ ರಾಣಿ ಅಮೃತಮತಿಯನ್ನು ಹೊಡೆಯುತ್ತಾನೆ, ಅವಳು ಹೊಡೆಸಿಕೊಂಡು ಅವನನ್ನೇ ಬೇಡುತ್ತಾಳೆ, ಮರೆಯಲ್ಲಿ ನಿಂತ ಗಂಡ, ರಾಜ ಯಶೋಧರ, ಎತ್ತಿದ ಕತ್ತಿಯನ್ನು ಇಳಿಸುತ್ತಾನೆ. ಆಮೇಲೆ ಗಂಡನಿಗೆ ವಿಷ ಹಾಕುವವಳೂ ಅವಳೇ. ಮೈಸೂರಿನ ಬಗ್ಗೆ ಹೇಳುವುದಾದರೆ, ಅರಮನೆಯ ಕವಿ ಬಸವಪ್ಪ ಶಾಸ್ತ್ರಿಗಳು ಷೇಕ್ಸ್‌ಪಿಯರನ ಒಥೆಲೋ ನಾಟಕವನ್ನು ‘ಶೂರಸೇನ ಚರಿತ್ರೆ’ಯಾಗಿ ಕನ್ನಡಕ್ಕೆ ತಂದದ್ದು ಹತ್ತೊಂಬತ್ತನೇ ಶತಮಾನದಲ್ಲೇ. ಸಂಶಯದಿಂದ ಹೆಂಡತಿಯನ್ನು ಕೊಲ್ಲುವ ಗಂಡ ಮೈಸೂರಿನವರಿಗೆ ಹೊಸಬನೇನಲ್ಲ. ಬೀದಿಗೊಂದು ಕೀಚಕ ವಧೆ ನೋಡಿ ಬೆಳೆದವರು ನಾವು.

ಪ್ರಶ್ನೆ: ಕುವೆಂಪುನಗರದಿಂದ. ಪಿಯುಸಿ ಓದುವ ಮಗಳು ರಾತ್ರಿಯಿಡೀ ಇಂಥ ಕಥೆ ಓದುತ್ತಾಳೆ. ಫೋನ್ ಕಿತ್ತುಕೊಳ್ಳಲಾ?

ಉತ್ತರ: ಬೇಡ, ಗೆಳತಿಯ ಫೋನಿನಲ್ಲಿ ಓದುತ್ತಾಳೆ ಅಷ್ಟೇ. ನೀವೂ ಎರಡು ಕಂತು ಓದಿ. ವಯಸ್ಕರಿಗೆ ಅಂತ ಗುರುತು ಹಾಕಿದ್ದರೆ ಈಗ ಬೇಡ ಅಂತ ನೇರವಾಗಿ ಹೇಳಿ. ಉಳಿದಂತೆ ಅಡುಗೆ ಮನೆಯಲ್ಲಿ ಸುಮ್ನೆ ಕೇಳಿ, ‘ಇವ್ನು ನಮ್ಮನೆ ಗೇಟ್ ಮುಂದೆ ಬಂದು ನಿಂತ್ರೆ ಏನ್ ಮಾಡ್ತೀಯೆ?’ ಅಂತ. ನಿಮಗಿಂತ ಖಾರವಾದ ಉತ್ತರ ಅವಳ ಹತ್ತಿರವೇ ಇರಬಹುದು. ಓದುವುದೆಲ್ಲಾ ಬಯಸುವುದಲ್ಲ. ನಿದ್ದೆಗೆಡುವುದು ಬೇರೆ ವಿಷಯ, ಅದಕ್ಕೆ ಬೈಯಿರಿ.

ಪ್ರಶ್ನೆ: ಮೈಸೂರಿನಿಂದ, ಹೆಸರು ಬೇಡ. ಇಂಥ ಕಥೆ ಓದುವಾಗ ನನ್ನ ಹುಡುಗನೇ ಕಣ್ಣ ಮುಂದೆ ಬರುತ್ತಾನೆ. ಫೋನ್ ಎತ್ತದಿದ್ದರೆ ಇಪ್ಪತ್ತು ಮೂವತ್ತು ಸಲ ಮಾಡುತ್ತಾನೆ. ಲೊಕೇಶನ್ ಕಳಿಸುತ್ತಲೇ ಇರಬೇಕು. ಬಿಟ್ಟುಬಿಡೋಣ ಅಂದಾಗ ಕೈ ಕುಯ್ದುಕೊಂಡು ಫೋಟೊ ಕಳಿಸಿದ. ಇಷ್ಟು ಪ್ರೀತಿಸ್ತಾನಲ್ಲ ಅಂತ ಒಳಗೊಳಗೇ ಸಮಾಧಾನವೂ ಆಗುತ್ತದೆ. ತಪ್ಪಾ?

ಉತ್ತರ: ತಪ್ಪಲ್ಲ. ಯಾರಿಗಾದರೂ ನಾನು ಇಷ್ಟು ಬೇಕು ಅನ್ನಿಸುವುದು ಸಣ್ಣ ಆಸೆಯಲ್ಲ. ಆದರೆ ನಾನು ಕಥೆ ತಿದ್ದುವವಳು, ನಿಮ್ಮದು ಕಥೆಯಲ್ಲ. ಹಾಗಾಗಿ ನೇರವಾಗಿ ಹೇಳುತ್ತೇನೆ, ನೀವು ಬರೆದ ಮೂರೂ ಎಚ್ಚರಿಕೆಯ ಗುರುತುಗಳು. ಕಾದಂಬರಿಯಲ್ಲಿ ಅಪಾಯ ಕೊನೆಯ ಪುಟದಲ್ಲಿ ಬರುತ್ತದೆ. ನಿಜದಲ್ಲಿ ಅದು ಹೆಚ್ಚಾಗುವುದು ಹುಡುಗಿ ಅವನನ್ನು ಬಿಟ್ಟು ಹೋಗುವಾಗ ಮತ್ತು ಹೋದ ಹೊಸತರಲ್ಲಿ. ‘ಕೊನೇ ಸಲ ಒಮ್ಮೆ ಸಿಗು’ ಅಂದರೆ ಒಬ್ಬರೇ ಹೋಗಬೇಡಿ, ಬೆಟ್ಟ, ಕೆರೆ ಏರಿ ಅಂತೂ ಬೇಡವೇ ಬೇಡ. ಮನೆಯಲ್ಲೋ ಹಾಸ್ಟೆಲಿನಲ್ಲೋ ಒಬ್ಬರಿಗಾದರೂ ಇವತ್ತೇ ಎಲ್ಲಾ ಹೇಳಿ.

ಕೈ ಕುಯ್ದುಕೊಂಡದ್ದನ್ನು ಅವನ ಮನೆಯವರಿಗೆ ತಿಳಿಸಿ. ಅವನ ಜೀವ ಕಾಯುವ ಕೆಲಸ ನಿಮ್ಮೊಬ್ಬರದ್ದಲ್ಲ, ಅವನಿಗೆ ಬೇಕಿರುವುದು ಚಿಕಿತ್ಸೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅವನೂ ಮಾತಾಡಬಹುದು, ನೀವೂ ಮಾತಾಡಬಹುದು. ಕನ್ನಡದಲ್ಲೇ ಉತ್ತರಿಸುತ್ತಾರೆ, ದುಡ್ಡಿಲ್ಲ. ಮಹಿಳಾ ಸಹಾಯವಾಣಿ 181. ಬಾಗಿಲಿಗೆ ಬಂದು ನಿಂತರೆ, ಬೆದರಿಸಿದರೆ ಯೋಚಿಸುತ್ತಾ ಕೂರಬೇಡಿ, 112. ಲೊಕೇಶನ್ ಆಫ್ ಮಾಡುವ ಮೊದಲು ಮನೆಯವರು ಜೊತೆಗಿರಲಿ. ಆ ಫೋಟೊ, ಕಾಲ್ ಲಿಸ್ಟ್, ಮೆಸೇಜು ಯಾವುದನ್ನೂ ಅಳಿಸಬೇಡಿ, ಇನ್ನೊಂದು ಫೋನಿಗೂ ಕಳಿಸಿಡಿ. ದೂರು ಕೊಡುವ ದಿನ ಬಂದರೆ ಬೇಕಾಗುತ್ತದೆ.